ಶಿಷ್ಟ ಎಂಬ ಹೆಸರು

ಗೌರಿ, ಮಲ್ಹಾರ, ಇದನ್ನು ನಿಮ್ಮ ಅಜ್ಜಿ ನಾನು ನಿಮಗಾಗಿ ಬರೆಯುತ್ತಿದ್ದೇನೆ. ಗೌರಿ, ನೀನು ಗಟ್ಟಿಯಾಗಿ ಓದು. ಮಲ್ಹಾರ ಒತ್ತಕ್ಷರದಲ್ಲಿ ತಡವರಿಸಿದರೆ ನಗಬೇಡ, ಕೇಳಿದಷ್ಟು ಹೇಳಿಕೊಡು. ನಾನೇನು ಬಹಳ ಕಲಿತವಳಲ್ಲ. ಹಳ್ಳಿಯ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಗೆ ನನ್ನ ಓದು ಮುಗಿಯಿತು. ಅಕ್ಷರ ದುಂಡಗಿವೆ ಎಂದು ಮಾಸ್ತರರು ಹೇಳುತ್ತಿದ್ದರು, ಆ ಒಂದು ಧೈರ್ಯದ ಮೇಲೆ ಕೂತಿದ್ದೇನೆ.

ಹೋದ ವಾರ ನಮ್ಮ ಮನೆಯ ಮುಂಬಾಗಿಲಿಗೆ ಬಣ್ಣ ಹಚ್ಚಿಸಿದರಲ್ಲ, ಆಗ ಬಣ್ಣದವನು ಒಂದು ಪ್ರಶ್ನೆ ಕೇಳಿದ. ಬಾಗಿಲಿನ ಒಳಮೈಯಲ್ಲಿ, ಹೊರಗೆ ಯಾರು ನಿಂತಿದ್ದಾರೆಂದು ನೋಡುವ ಆ ಸಣ್ಣ ಗಾಜಿನ ಕಣ್ಣಿದೆ ನೋಡಿ, ಅದರ ತುಸು ಮೇಲೆ ಅಂಗೈಯಗಲದ ಒಂದು ಕಲೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ, ಒಂದು ಕೈ ಬಣ್ಣ ಕೊಟ್ಟರೆ ಅದರೊಳಗಿಂದಲೂ ಎದ್ದು ಬರುತ್ತಿದೆ. ಇದೇನು ಕಲೆ, ಎಂದು ಅವನು ನಿಮ್ಮ ಅಪ್ಪನನ್ನು ಕೇಳಿದ. ನೀರು ಕುಡಿದಿರಬೇಕು ಎಂದು ನಿಮ್ಮ ಅಪ್ಪ. ಬಾಗಿಲು ನೀರು ಕುಡಿಯುವುದಿಲ್ಲ ಸಾಹೇಬರೇ, ಇದು ಎಣ್ಣೆ, ಎಂದು ಅವನು. ನಾನು ಅಡುಗೆಮನೆಯಲ್ಲಿ ಅಕ್ಕಿಯಲ್ಲಿ ಇಲ್ಲದ ಕಲ್ಲು ಹುಡುಕುತ್ತ ಕೂತಿದ್ದೆ. ಅದು ನನ್ನ ಹಣೆಯ ಎಣ್ಣೆ. ತಲೆಗೆ ಹಚ್ಚಿಕೊಂಡ ಕೊಬ್ಬರಿ ಎಣ್ಣೆ ಹಣೆಗಿಳಿದು, ಹಣೆಯಿಂದ ಬಾಗಿಲಿಗಿಳಿದದ್ದು. ಅಷ್ಟು ವರ್ಷ ನಾನು ಅಲ್ಲಿ ಹಣೆಯಿಟ್ಟು ನಿಂತಿದ್ದೇನೆ.

ಗಂಟೆ ಬಾರಿಸಿದರೆ ಮೊದಲು ಕಾಲ್ಬೆರಳ ಮೇಲೆ ನಡೆದು ಬಾಗಿಲಿನ ಹತ್ತಿರ ಹೋಗುವುದು, ಉಸಿರು ಹಿಡಿದು ಆ ಗಾಜಿನಲ್ಲಿ ನೋಡುವುದು. ಅದರಲ್ಲಿ ಎಲ್ಲರಿಗೂ ಕುಂಬಳಕಾಯಿಯಂಥ ತಲೆ, ಗೊಂಬೆಯಂಥ ಕಾಲು. ನಮ್ಮವರಾದರೆ ತೆಗೆಯುವುದು. ಬೇರೆ ಯಾರಾದರೂ ಆದರೆ, ಅವರು ಇನ್ನೊಮ್ಮೆ ಗಂಟೆ ಬಾರಿಸಿ, ಕೈಗಡಿಯಾರ ನೋಡಿಕೊಂಡು, ಹೋಗುವವರೆಗೆ ಹಾಗೇ ನಿಲ್ಲುವುದು. ನಾನು ಕಳ್ಳರಿಗೆ ಹೆದರುತ್ತೇನೆ ಎಂದು ನೀವಿಬ್ಬರೂ ತಿಳಿದಿದ್ದಿರಿ. ಕಳ್ಳರಿಗೆ ನಾನು ಎಂದೂ ಹೆದರಿದವಳಲ್ಲ. ಕಳ್ಳ ಬಂದರೆ ಮಾತಾಡಿಸುವುದಿಲ್ಲವಲ್ಲ.

ಈ ಹೆದರಿಕೆ ಹುಟ್ಟಿದ್ದು ನಾವೀಗ ಇರುವ ಪುಣೆಯಲ್ಲಲ್ಲ. ನಮ್ಮೂರು ವಿಜಾಪುರ ಜಿಲ್ಲೆಯ ಇಂಡಿಯ ಹತ್ತಿರದ ಒಂದು ಸಣ್ಣ ಹಳ್ಳಿ. ನಮ್ಮವ್ವನ ಬಾಯಲ್ಲಿ ದಿನಕ್ಕೆ ಹತ್ತಾರು ಸಲ ಒಂದು ಮಾತು ಬರುತ್ತಿತ್ತು. ಹಂಗ ನಗಬ್ಯಾಡ, ಮಂದಿ ಏನಂದಾರು. ಅಂಗಳದಾಗ ಕಾಲ ಚಾಚಬ್ಯಾಡ, ಮಂದಿ ನೋಡ್ಯಾರು. ನಾನು ಸಣ್ಣವಳಿದ್ದಾಗ ಮಂದಿ ಎಂಬುದು ಒಬ್ಬ ಮನುಷ್ಯನ ಹೆಸರು ಎಂದೇ ನಂಬಿದ್ದೆ. ಎತ್ತರದ ಆಳು, ಮೀಸೆ ಬಿಟ್ಟಿದ್ದಾನೆ, ಹಣಮಪ್ಪನ ಗುಡಿಯ ಹಿಂದೆ ಎಲ್ಲೋ ಮನೆ, ಬೇರೆ ಕೆಲಸವಿಲ್ಲದೆ ದಿನವೆಲ್ಲ ನಮ್ಮ ಮನೆಯ ಕಡೆಗೇ ನೋಡುತ್ತಾನೆ. ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

“ಅವ್ವಾ, ಮಂದಿಗೆ ಮದಿವಿ ಆಗೇದೇನು?”

ಅವ್ವ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆ ನಗುವಿನಲ್ಲೂ ಸದ್ದಿಲ್ಲ, ಮಂದಿ ಕೇಳಬಾರದು ನೋಡಿ.

ಸಾಲೆಯಲ್ಲೂ ಹೀಗೆಯೇ. ಮಾಸ್ತರರು ಮಗ್ಗಿ ಕೇಳಿದರೆ ನನಗೆ ಉತ್ತರ ಬರುತ್ತಿತ್ತು, ಕೈ ಎತ್ತಲು ಬರುತ್ತಿರಲಿಲ್ಲ. ಪಕ್ಕದ ಶಾಂತವ್ವನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದೆ. ಅವಳು ಎದ್ದು ನಿಂತು ಖಣಖಣ ಹೇಳಿ ಬೆನ್ನು ತಟ್ಟಿಸಿಕೊಳ್ಳುತ್ತಿದ್ದಳು. ಶಾಂತವ್ವ ಮುಂದೆ ಟೀಚರ್ ಆದಳು. ಅದರಲ್ಲಿ ನನ್ನ ಪಿಸುಮಾತಿನದೂ ಸ್ವಲ್ಪ ಪಾಲಿದೆ ಎಂದು ನನ್ನ ನಂಬಿಕೆ, ಅವಳ ಮುಂದೆ ಎಂದೂ ಹೇಳಿಲ್ಲ.

ಮದುವೆಯಾಗಿ ಪುಣೆಗೆ ಬಂದೆ. ನಿಮ್ಮ ಅಜ್ಜನ ಮಾತು ನಿಮಗೆ ನೆನಪಿದೆಯಲ್ಲ. ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಶೀನಿನ ಮೇಲೆ ಕೆಲಸ. ಮಶೀನಿನ ಸದ್ದಿಗಿಂತ ಮೇಲೆ ಮಾತಾಡಿ ರೂಢಿಯಾದ ಗಂಟಲು. ರಿಕ್ಷಾದವನು, ಹಾಲಿನವನು, ರಸ್ತೆಯಲ್ಲಿ ದಾರಿ ತಪ್ಪಿದವನು, ಎಲ್ಲರೂ ಅವರಿಗೆ ಹಳೆಯ ಗೆಳೆಯರೇ. ನಾನು ಮರಾಠಿ ಕಲಿತದ್ದು ಅವರ ಬಾಯಿಂದ, ಅವರ ಬೆನ್ನ ಹಿಂದೆ ನಿಂತು. ಅಲ್ಲೇ ಎಡವಟ್ಟಾಯಿತು.

ನಿಮಗೆ ಈ ತೊಂದರೆ ಗೊತ್ತಾಗಲಿಕ್ಕಿಲ್ಲ, ಹುಟ್ಟುತ್ತಲೇ ಎರಡೂ ಭಾಷೆ ಬಾಯಲ್ಲಿಟ್ಟುಕೊಂಡು ಬಂದವರು ನೀವು. ನಮ್ಮ ಕನ್ನಡದಲ್ಲಿ ಗಂಡಸು ಬಂದರೂ ‘ನಾನು ಬಂದೆ’, ಹೆಂಗಸು ಬಂದರೂ ‘ನಾನು ಬಂದೆ’. ಬಂದದ್ದು ಮುಖ್ಯ. ಮರಾಠಿಯಲ್ಲಿ ಹಾಗಲ್ಲ. ಗಂಡಸು ‘ಮೀ ಆಲೋ’ ಅನ್ನಬೇಕು, ಹೆಂಗಸು ‘ಮೀ ಆಲೇ’ ಅನ್ನಬೇಕು. ನನಗೆ ಇದನ್ನು ಯಾರು ಹೇಳಬೇಕು? ನಿಮ್ಮ ಅಜ್ಜ ದಿನಾ ಸಂಜೆ ಮೆಟ್ಟಿಲ ಕೆಳಗಿನಿಂದಲೇ ‘ಮೀ ಆಲೋ’ ಎಂದು ಕೂಗುತ್ತಿದ್ದರು. ಬಂದವರು ಹಾಗೆ ಹೇಳಬೇಕು ಎಂದುಕೊಂಡೆ.

ಆಗ ನಾವು ಶುಕ್ರವಾರ ಪೇಟೆಯಲ್ಲಿ ಹಲವು ಸಂಸಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ ಬಾಡಿಗೆಗಿದ್ದೆವು. ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದು ನಳ. ಒಂದು ಬೆಳಿಗ್ಗೆ ಕೊಡ ಹಿಡಿದು ಹೋದೆ, ಹೊಸ ಸೊಸೆ, ಹಸಿರು ಬಳೆ. ಅಲ್ಲಿದ್ದ ಹೆಂಗಸರ ಮುಂದೆ ನಾಲ್ಕಾರು ದಿನದಿಂದ ಮನಸ್ಸಿನಲ್ಲಿ ಉರುಹೊಡೆದದ್ದನ್ನು ಹೇಳಿದೆ, ಮೀ ಆಲೋ, ಮೀ ಪಾಣೀ ಭರತೋ. ನಾನು ಬಂದೆ, ನೀರು ತುಂಬುತ್ತೇನೆ, ಅಷ್ಟೇ. ಆಮೇಲೆ ಒಬ್ಬಾಕೆ ಎದ್ದು ಸೆರಗು ಸರಿ ಮಾಡಿಕೊಂಡು ನನಗೆ ದಾರಿ ಬಿಟ್ಟು, ಯಾ ಭಾವೋಜೀ, ಎಂದಳು. ಬನ್ನಿ ಭಾವನವರೇ, ಎಂದು. ನಕ್ಕದ್ದು ಎಷ್ಟು ಎಂದರೆ ಯಾರದೋ ಕೊಡ ತುಂಬಿ ಹರಿಯುತ್ತಿದ್ದರೂ ನಳ ನಿಲ್ಲಿಸುವವರಿಲ್ಲ. ಅವರದು ಕೆಟ್ಟ ನಗು ಅಲ್ಲ ಎಂದು ಈಗ ಗೊತ್ತು. ಆಗ ನನಗೆ ನನ್ನ ಕೊಡದೊಳಗೆ ಇಳಿದು ಕೂಡಬೇಕು ಅನಿಸಿತು.

ನಿಮ್ಮ ಅಜ್ಜನ ಮುಂದೆ ಕಣ್ಣೀರು ಹಾಕಿದೆ. ಅವರೂ ನಕ್ಕರು. ಆಮೇಲೆ ಪಾಪ, ಕಲಿಸಲು ಕೂತರು. ಹೆಂಗಸು ‘ಆಲೇ’ ಅನ್ನಬೇಕು ಎಂದರು. ಮಾರನೇ ದಿನ ಮನೆಯ ಮಾಲೀಕರು ಬಂದಾಗ ಅವರೇ ನನಗೆ ‘ತೇ ಆಲೇ’, ಅವರು ಬಂದರು, ಎಂದರು. ಹಾಗಾದರೆ ಮಾಲೀಕರು ಹೆಂಗಸೇ ಎಂದು ಕೇಳಿದೆ. ಅಲ್ಲ, ಅದು ಮರ್ಯಾದೆಗೆ, ಎಂದರು. ಒಬ್ಬ ಹೆಂಗಸಿಗೂ ಒಬ್ಬ ಮರ್ಯಾದಸ್ಥನಿಗೂ ಒಂದೇ ಪ್ರತ್ಯಯವಾದರೆ ನಾನು ಏನು ಮಾಡಲಿ? ಪಾಠ ಅಲ್ಲಿಗೇ ನಿಂತಿತು. ಇರಲಿ ಬಿಡು, ನಾ ಇದ್ದೀನಲ್ಲ ಮಾತಾಡ್ಲಿಕ್ಕೆ, ಎಂದರು. ಅದು ನನಗೂ ಬೇಕಾಗಿತ್ತು. ಅಂದಿನಿಂದ ಮಾತೆಲ್ಲ ಅವರದು, ನನ್ನ ಪಾಲಿಗೆ ಎರಡೇ ಶಬ್ದ. ‘ಹೋ’ ಅಂದರೆ ಹೌದು, ‘ನಕೋ’ ಅಂದರೆ ಬೇಡ. ಈ ಎರಡರಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲ.

‘ನಕೋ’ ಎಂದಾಗ ಇನ್ನೊಂದು ನೆನಪಾಯಿತು. ನಮ್ಮ ಕಡೆ ಚಹಾ ಬೇಕೇ ಎಂದರೆ ಮೊದಲು ಬ್ಯಾಡ ಅನ್ನಬೇಕು, ಅವರು ಒತ್ತಾಯ ಮಾಡಬೇಕು, ಮತ್ತೆ ಬ್ಯಾಡ, ಮತ್ತೆ ಒತ್ತಾಯ, ಆಮೇಲೆ ಅರ್ಧ ಕಪ್ಪು ಕೊಡ್ರಿ ಎಂದು ಪೂರ್ತಿ ಕುಡಿಯಬೇಕು. ಪುಣೆಯಲ್ಲಿ ಒಮ್ಮೆ ‘ನಕೋ’ ಅಂದರೆ ಕಪ್ಪು ಬಸಿ ಒಳಗೆ ಹೋಯಿತು. ಬಾಯಿ ಒಣಗಿ, ಕಣ್ಣಿನಲ್ಲಿ ಆ ಬಸಿಯನ್ನು ಬೀಳ್ಕೊಟ್ಟು ಕೂತ ಮಧ್ಯಾಹ್ನಗಳು ಬಹಳ. ನಾನು ಬೇಡ ಎಂದದ್ದು ಬೇಕು ಎಂಬುದರ ಮೊದಲನೆಯ ಮೆಟ್ಟಿಲು ಎಂದು ಅವರಿಗೆ ಯಾರು ಹೇಳಬೇಕು?

ಹೀಗೇ ವರ್ಷಗಳು ಹೋದವು. ಧಾಯರಿಯ ಈ ಮನೆಗೆ ಬಂದೆವು. ನಿಮ್ಮ ಅಪ್ಪನ ಮದುವೆಯಾಯಿತು, ಭೋರ್‌ನ ಮರಾಠಿ ಮನೆಯಿಂದ ನಿಮ್ಮ ಅಮ್ಮ ಸ್ವಾತಿ ಬಂದಳು, ನಿಧಾನಕ್ಕೆ ಕನ್ನಡ ಕಲಿತಳು, ನೀವು ಹುಟ್ಟಿದಿರಿ. ಆಮೇಲೆ ನಿಮ್ಮ ಅಜ್ಜ ಹೋದರು. ಅವರ ಜೊತೆಗೆ ನನ್ನ ಮಾತೂ ಹೋಯಿತು ಅನ್ನಿ. ಬಾಗಿಲಿನ ಕಲೆ ದೊಡ್ಡದಾದದ್ದು ಆಗಲೇ.

ಒಂದು ದಿನ ಆ ಗಾಜಿಗೆ ಹಣೆಯಿಟ್ಟು ನಿಂತಿದ್ದೆ. ಹೊರಗೆ ಲಿಫ್ಟಿಗಾಗಿ ಇಬ್ಬರು ಕಾಯುತ್ತಿದ್ದರು. ಒಬ್ಬರು ನಮ್ಮ ಎದುರು ಮನೆಯ ಕುಸುಮತಾಯಿ, ಗೌರಿಯ ಗೆಳತಿ ಋತುಜಾಳ ಅಜ್ಜಿ. ಇನ್ನೊಬ್ಬರು ಮೇಲಿನ ಮಹಡಿಯವರು. ಕುಸುಮತಾಯಿ ನಮ್ಮ ಬಾಗಿಲ ಕಡೆ ಗದ್ದ ತಿರುಗಿಸಿ, ತ್ಯಾ ಕಾನಡೀ ಆಜೀ ಫಾರ್ ಶಿಷ್ಟ ಆಹೇತ, ಎಂದರು. ಆ ಕನ್ನಡದ ಅಜ್ಜಿ ಬಹಳ ಶಿಷ್ಟರು, ಎಂದು.

ಮಕ್ಕಳೇ, ಆ ದಿನದ ಸಂತೋಷ ಏನೆಂದು ಹೇಳಲಿ. ಶಿಷ್ಟ ಎಂಬುದು ನಮ್ಮ ಸಾಲೆಯ ಪುಸ್ತಕದ ಶಬ್ದ. ಶಿಷ್ಟರು ಅಂದರೆ ಸಜ್ಜನರು, ನಡೆನುಡಿ ಬಲ್ಲವರು. ಎದುರಿಗೆ ಹೇಳಿದರೆ ಮುಖಸ್ತುತಿ ಎನ್ನಬಹುದು, ಬೆನ್ನ ಹಿಂದೆ ಹೇಳಿದ್ದು ನಿಜವೇ ಇರಬೇಕು. ಇಂಡಿಯಲ್ಲಿರುವ ತಂಗಿಗೆ ಫೋನು ಹಚ್ಚಿ ಹೇಳಿದೆ, ಇಲ್ಲಿ ಮಂದಿ ನನಗ ಶಿಷ್ಟ ಅಂತಾರ. ಅವಳು, ಅನ್ನದ ಏನ ಮಾಡ್ತಾರ, ನಮ್ಮವ್ವ ಬೆಳೆಸಿದಾಕಿ ನೀ, ಎಂದಳು. ಇಬ್ಬರೂ ಅವ್ವನನ್ನು ನೆನೆಸಿಕೊಂಡು ಸ್ವಲ್ಪ ಅತ್ತೆವು.

ಬಂದ ಹೆಸರು ಕೆಡಬಾರದಲ್ಲ. ಕೆಳಗೆ ಹಾಲು ತರಲು ಹೋಗುವಾಗಲೂ ಇಸ್ತ್ರಿಯ ಸೀರೆ. ಯಾರಾದರೂ ಎದುರಾದರೆ ಕಣ್ಣು ನೆಲಕ್ಕೆ, ಹೆಜ್ಜೆ ಇನ್ನೂ ನಿಧಾನ. ಮೊದಲು ಎಂದಾದರೊಮ್ಮೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ, ಅದನ್ನೂ ಬಿಟ್ಟೆ. ಬೇಸಿಗೆಯಲ್ಲಿ ಈ ಬಿಲ್ಡಿಂಗಿನ ಹೆಂಗಸರು ಒಬ್ಬರ ಮನೆಯಲ್ಲಿ ಸೇರಿ ಹಪ್ಪಳ ಲಟ್ಟಿಸುತ್ತಾರಲ್ಲ, ಅವರ ನಗು, ಬಳೆಯ ಸದ್ದು, ಮಣೆಯ ಮೇಲೆ ಲಟ್ಟಣಿಗೆ ಉರುಳುವ ಸದ್ದು, ಎಲ್ಲ ನಮ್ಮ ಬಾಗಿಲಿನ ಸಂದಿಯಿಂದ ಒಳಗೆ ಬರುತ್ತಿತ್ತು. ಹೋಗಿ ಕೂಡಬೇಕೆಂದು ಜೀವ ಎಷ್ಟು ಎಳೆಯುತ್ತಿತ್ತೆಂದು ನಿಮಗೆ ಹೇಳಿಲ್ಲ. ಆದರೆ ಶಿಷ್ಟರು ಕರೆಯದೆ ಹೋಗುವುದಿಲ್ಲ ಎಂದು ಬಾಗಿಲೊಳಗೇ ನಿಲ್ಲುತ್ತಿದ್ದೆ.

ಹೋದ ಬೇಸಿಗೆ ರಜೆ. ಗೌರಿ, ನೀನು ದಿನವಿಡೀ ಋತುಜಾಳ ಮನೆಯಲ್ಲಿರುತ್ತಿದ್ದೆ. ಅವಳು ಒಂದು ದಿನವೂ ನಮ್ಮ ಹೊಸ್ತಿಲು ತುಳಿಯಲಿಲ್ಲ. ನಾನು ಶೇಂಗಾ ಹೋಳಿಗೆ ಮಾಡಿ, ಅವಳನ್ನು ಕರಕೊಂಡು ಬಾ ಎಂದೆ. ನೀನು ಕಾಲ ಹೆಬ್ಬೆರಳು ನೋಡುತ್ತ ನಿಂತೆ.

“ಅಕಿ ಬರಂಗಿಲ್ಲ ಅಜ್ಜಿ. ಅಕಿಗೆ ನಿನ್ನ ಅಂಜಿಕಿ. ನೀ ಭಾಳ ಶಿಷ್ಟ ಅಂತ.”

“ಶಿಷ್ಟ ಇದ್ರ ಅಂಜಿಕಿ ಯಾಕ? ಛಲೋ ಮಾತದು.”

“ಛಲೋ ಅಲ್ಲ ಅಜ್ಜಿ. ಶಿಷ್ಟ ಅಂದ್ರ ಸೊಕ್ಕಿನಾಕಿ. ಮಾತಾಡ್ಸಿದ್ರ ಮಾತಾಡಂಗಿಲ್ಲಲ್ಲ, ಮೂಗು ಮ್ಯಾಲೆ ಮಾಡ್ಕೊಂಡು ಹೋಗ್ತಾರಲ್ಲ, ಅವ್ರು.”

ಹೋಳಿಗೆ ತವೆಯ ಮೇಲೆ ಕರಕಾಗಿ ಹೋಯಿತು, ನೆನಪಿದೆಯೇ? ನನಗೆ ನಂಬಿಕೆ ಬರಲಿಲ್ಲ. ಸಂಜೆ ನಿಮ್ಮ ಅಮ್ಮನನ್ನು ಕೇಳಿದೆ. ಸ್ವಾತಿ ಸುಳ್ಳು ಹೇಳುವವಳಲ್ಲ. ಸೊಪ್ಪು ಸೋಸುತ್ತ, ಹೌದು ಅವ್ವಾ, ಇಲ್ಲಿ ಮಾತಿನಲ್ಲಿ ಹಾಗೇ ಅರ್ಥ, ಎಂದಳು. ಮತ್ತೆ ಸೊಪ್ಪಿನ ಕಡೆಗೇ ನೋಡುತ್ತ, ಮದುವೆಯಾದ ಹೊಸದರಲ್ಲಿ ನನಗೂ ಹಾಗೇ ಅನಿಸುತ್ತಿತ್ತು, ನೀವು ನನ್ನ ಹತ್ತಿರ ಹೋ, ನಕೋ ಬಿಟ್ಟು ಏನೂ ಆಡುತ್ತಿರಲಿಲ್ಲ, ನಾನು ನಿಮಗೆ ಒಪ್ಪಿಗೆಯಿಲ್ಲ ಎಂದುಕೊಂಡಿದ್ದೆ, ಎಂದಳು.

ಆ ರಾತ್ರಿ ಊಟ ಸೇರಲಿಲ್ಲ. ಸೊಸೆಯ ಕೈಯ ಪುಂಡೀಪಲ್ಲೆ ನಮ್ಮವ್ವನ ಪಲ್ಯಕ್ಕಿಂತ ರುಚಿ ಎಂದು ಮನಸ್ಸಿನಲ್ಲೇ ಎಷ್ಟು ಸಲ ಅಂದಿದ್ದೆನೋ. ಬಾಯಿಗೆ ಬರದ್ದು ಅವಳಿಗೆ ಹೇಗೆ ತಿಳಿಯಬೇಕು? ಮಂದಿ ಏನಂದಾರು ಎಂದು ಇಡೀ ಆಯುಷ್ಯ ಹೆದರಿದೆ. ಅವರು ಎಂದೋ ಅಂದು ಮುಗಿಸಿದ್ದರು. ಖಟ್ಲೆಯ ತೀರ್ಪಾಗಿ ವರ್ಷಗಳಾಗಿವೆ, ನಾನು ಇನ್ನೂ ಕೋರ್ಟಿನ ಮೆಟ್ಟಿಲು ಹತ್ತಲು ಹೆದರುತ್ತ ನಿಂತಿದ್ದೇನೆ. ಯೋಚಿಸುತ್ತ ಮಲಗಿದವಳಿಗೆ ನಗು ಬಂತು ಕೂಡ. ಆದರೆ ನನ್ನ ಹೆಸರಿನಿಂದಾಗಿ ಒಂದು ಮಗು ನಮ್ಮ ಮನೆಗೆ ಬರಲು ಅಂಜುತ್ತದೆ, ನನ್ನ ಮೊಮ್ಮಗಳು ಕಾಲ ಹೆಬ್ಬೆರಳು ನೋಡುತ್ತ ನಿಲ್ಲಬೇಕಾಗುತ್ತದೆ, ಅದು ಮಾತ್ರ ನನಗೆ ತಡೆಯಲಾಗಲಿಲ್ಲ.

ಕೆಲವು ದಿನಗಳಲ್ಲೇ ಬಿಲ್ಡಿಂಗಿನ ವಾಟ್ಸಾಪಿನಲ್ಲಿ ಬಂತು, ನಾಳೆ ಕುಸುಮತಾಯಿಯ ಮನೆಯಲ್ಲಿ ಉದ್ದಿನ ಹಪ್ಪಳ, ಬರುವವರು ಮಣೆ ಲಟ್ಟಣಿಗೆ ತರಬೇಕು. ಸ್ವಾತಿ ಓದಿ ಹೇಳಿದಳು. ನಾನು ಹೋಗುತ್ತೇನೆ ಎಂದೆ. ಅವಳು ಫೋನು ಕೆಳಗಿಟ್ಟು ನನ್ನ ಮುಖ ನೋಡಿದಳು. ಎದ್ದು, ಅಟ್ಟದ ಮೇಲಿದ್ದ ಒಳ್ಳೆಯ ಲಟ್ಟಣಿಗೆ ತೆಗೆದು ತೊಳೆದಿಟ್ಟಳು.

ಗೌರಿ, ನೀನು ಆ ಸಂಜೆ ನನಗೆ ಮಾಸ್ತರಿಣಿಯಾದೆ. ಮೀ ಆಲೇ ಅನ್ನು, ಮೀ ಕರತೇ, ನಾನು ಮಾಡುತ್ತೇನೆ, ಅನ್ನು. ನಾನು ಅಡುಗೆಮನೆಯಲ್ಲಿ ಕುಕ್ಕರಿಗೆ ಹೇಳಿದೆ, ತುಳಸಿಗೆ ಹೇಳಿದೆ, ಮಲ್ಹಾರನಿಗೆ ಹೇಳಿ ಪಾಸಾದೆ. ಬೆಳಿಗ್ಗೆ ಮಣೆ ಕಂಕುಳಲ್ಲಿ, ಲಟ್ಟಣಿಗೆ ಕೈಯಲ್ಲಿ ಹಿಡಿದು ಎದುರು ಮನೆಗೆ ಹೊರಟಾಗ ಊರು ಬಿಟ್ಟು ಊರಿಗೆ ಹೋದಂತಿತ್ತು. ಹಿಂದೆ ನೀನು. ಬಾಗಿಲು ತೆರೆದೇ ಇತ್ತು. ಒಳಗೆ ಹಾಸಿದ ಹಳೆಯ ಸೀರೆಗಳ ಸುತ್ತ ಹೆಂಗಸರು ಕೂತಿದ್ದಾರೆ, ಕುಸುಮತಾಯಿ ನಡುವೆ. ನನ್ನನ್ನು ನೋಡಿದ್ದೇ ಲಟ್ಟಣಿಗೆಗಳೆಲ್ಲ ಒಂದೊಂದಾಗಿ ನಿಂತವು. ಎಲ್ಲರ ಕಣ್ಣು ನನ್ನ ಮೇಲೆ. ನಾನು ಬಾಯಿ ತೆರೆದೆ.

“ಮೀ ಆಲೋ.”

ಹಿಂದೆ ನೀನು ಹಣೆ ಬಡಿದುಕೊಂಡ ಸದ್ದು ನನಗೆ ಕೇಳಿಸಿತು. ಕುಸುಮತಾಯಿ ನಗಲಿಲ್ಲ. ಕನ್ನಡಕದ ಮೇಲಿನಿಂದ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

“ಬರಂ ಝಾಲಂ. ಪೀಠ ಕುಟಾಯಲಾ ಏಕ ಗಡೀ ಹವಾಚ ಹೋತಾ.”

ಒಳ್ಳೆಯದಾಯಿತು, ಹಿಟ್ಟು ಕುಟ್ಟಲು ಒಬ್ಬ ಗಂಡಾಳು ಬೇಕೇ ಆಗಿತ್ತು, ಎಂದು. ಉದ್ದಿನ ಹಪ್ಪಳದ ಹಿಟ್ಟನ್ನು ಎಣ್ಣೆ ಹಾಕಿ ಗುಂಡುಕಲ್ಲಿನಿಂದ ಜಜ್ಜಬೇಕು, ರಟ್ಟೆ ಬಿದ್ದು ಹೋಗುವ ಕೆಲಸ. ಮನೆಯೆಲ್ಲ ನಗು. ಅದೇ ನಳದ ಕಟ್ಟೆಯ ನಗು, ಅದೇ ಸದ್ದು. ಕಾಲು ಹಿಂದಕ್ಕೆ ತಿರುಗಿತ್ತು. ಆದರೆ ಓಡಿ ಹೋಗಿ ಎಲ್ಲಿ ನಿಲ್ಲುವುದು? ಮತ್ತೆ ಆ ಗಾಜಿಗೆ ಹಣೆಯಿಟ್ಟೇ ಅಲ್ಲವೇ? ಹೇಗೂ ನಕ್ಕಾಯಿತು. ಇದಕ್ಕಿಂತ ಹೆಚ್ಚು ಇನ್ನೇನು ಆಗಬೇಕಿತ್ತು? ನನ್ನ ಬಾಯಿಂದ, ಉರುಹೊಡೆಯದೆ, ಇಷ್ಟು ಬಂತು.

“ಮಾಝೀ ಮರಾಠೀ ಹ್ಯಾಂಚೀ ಆಹೇ. ಹೇ ಗೇಲೇ, ಮರಾಠೀ ಠೇವೂನ ಗೇಲೇ.”

ನನ್ನ ಮರಾಠಿ ನಮ್ಮ ಯಜಮಾನರದು. ಅವರು ಹೋದರು, ಮರಾಠಿ ಇಟ್ಟು ಹೋದರು.

ನಗು ನಿಂತಿತು. ಮೇಲಿನ ಮಹಡಿಯವರು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಅದು ನಗುವಿನ ನೀರೋ ಬೇರೆಯದೋ ಗೊತ್ತಿಲ್ಲ. ಕುಸುಮತಾಯಿ ಪಕ್ಕದಲ್ಲಿ ಜಾಗ ಮಾಡಿದರು. ನಿಮ್ಮ ಅಜ್ಜ ಬೆಳಿಗ್ಗೆ ಲಿಫ್ಟಿನ ಬಾಗಿಲು ಹಿಡಿದು, ಥಾಂಬಾ, ನಿಲ್ಲಿ, ಮೀ ಆಲೋ, ಎಂದು ಕೂಗುತ್ತಿದ್ದದ್ದು ಹೀಗೇ ಇತ್ತು, ಕಣ್ಣು ಮುಚ್ಚಿ ಕೇಳಿದರೆ ಅವರೇ ಬಂದ ಹಾಗಾಯಿತು, ಎಂದರು. ಗೌರಿ, ಅಂದಿನಿಂದ ನಾನು ನಿನ್ನ ಪಾಠ ಬಿಟ್ಟದ್ದು ಯಾಕೆಂದು ನೀನು ಕೇಳಿದ್ದೆ. ಇದಕ್ಕೇ. ನನಗೆ ಆ ತಪ್ಪು ಬೇಕಾಯಿತು.

ಎಲ್ಲರೂ ನನ್ನನ್ನು ಕೊಂಡಾಡಿದರು ಎಂದು ತಿಳಿಯಬೇಡಿ. ನಾನು ಲಟ್ಟಿಸಿದ ಮೊದಲ ಹಪ್ಪಳವನ್ನು ಕುಸುಮತಾಯಿ ಬೆಳಕಿಗೆ ಹಿಡಿದು ಎಲ್ಲರಿಗೂ ತೋರಿಸಿದರು. ನಾವು ಕೈಯಿಂದ ರೊಟ್ಟಿ ಬಡಿಯುವವರು, ಲಟ್ಟಣಿಗೆ ನಮ್ಮ ಕೈಗೆ ಅಷ್ಟು ಒಗ್ಗಿದ್ದಲ್ಲ. ಒಂದು ಕಡೆ ತೆಳು, ಒಂದು ಕಡೆ ದಪ್ಪ, ಮೇಲೊಂದು ಕೊಂಬು. ಯಾವ ಜಿಲ್ಲೆಯ ನಕಾಶೆ ಇದು ಎಂದು ಯಾರೋ ಕೇಳಿದರು. ಸೋಲಾಪುರ ಎಂದರು ಒಬ್ಬರು. ಇಲ್ಲ, ಇದು ಇವರ ವಿಜಾಪುರವೇ ಎಂದರು ಇನ್ನೊಬ್ಬರು. ನಿಮಗೆ ಬರುವುದಿಲ್ಲ, ಬಿಡಿ, ಹಿಟ್ಟು ಜಜ್ಜಿ, ಎಂದು ಕುಸುಮತಾಯಿ ನನ್ನ ಕೈಯಿಂದ ಲಟ್ಟಣಿಗೆ ಕಸಿದು ಗುಂಡುಕಲ್ಲು ಕೊಟ್ಟರು. ಜೀವನವಿಡೀ ಯಾವುದಕ್ಕೆ ಹೆದರಿದ್ದೆನೋ ಅದು ಎದುರೆದುರಿಗೇ ನಡೆಯಿತು. ಬರುವುದಿಲ್ಲ ಎಂದರು. ಬರುತ್ತಿರಲಿಲ್ಲ, ನಿಜವೇ. ಆಮೇಲೆ ಚಹಾ ಬಂತು. ಹವಾ ಕಾ, ಬೇಕೇ, ಎಂದು ಕೇಳಿದರು. ನಾನು ಒಮ್ಮೆಲೇ ‘ಹೋ’ ಎಂದೆ.

ಋತುಜಾ ಮೂಲೆಯಲ್ಲಿ ಕೂತು ಹಸಿ ಹಿಟ್ಟು ಕದ್ದು ತಿನ್ನುತ್ತ ನನ್ನನ್ನೇ ನೋಡುತ್ತಿದ್ದಳು. ಅಂದು ಅವಳು ಬರಲಿಲ್ಲ. ಮರುದಿನವೂ ಬರಲಿಲ್ಲ. ಮತ್ತೊಂದು ದಿನ ನಮ್ಮ ಬಾಗಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಗೌರಿಯನ್ನು ಕರೆದಳು. ವಾರದೊಳಗೆ ನಮ್ಮ ಅಡುಗೆಮನೆಯಲ್ಲಿ ಕಟ್ಟೆಯ ಮೇಲೆ ಕೂತು ಶೇಂಗಾ ಹೋಳಿಗೆ ತಿನ್ನುತ್ತ, ಇದಕ್ಕೆ ಬೆಲ್ಲ ಜಾಸ್ತಿಯಾಗಿದೆ ಎಂದು ಹೇಳುವಷ್ಟಾದಳು. ಸ್ವಾತಿಗೂ ನಾನು ಆ ಪುಂಡೀಪಲ್ಲೆಯ ಮಾತು ಹೇಳಿದೆ. ಅವಳು, ಈಗ ಹೇಳುತ್ತೀರಾ, ಎಂದಷ್ಟೇ ಅಂದು ಇನ್ನೊಂದು ಸೌಟು ಬಡಿಸಿದಳು.

ಮೊನ್ನೆ ನೀವು ಮೂವರೂ ಕೇರಂ ಆಡುತ್ತ ಜಗಳ ತೆಗೆದಿರಿ. ಗೌರಿ ಮೋಸ ಮಾಡಿದಳು ಎಂದು ಋತುಜಾ, ಇಲ್ಲ ಅವಳೇ ಎಂದು ಗೌರಿ. ನಾನು ನಡುವೆ ಬಂದು ಇಬ್ಬರಿಗೂ ನಿಮ್ಮ ಅಜ್ಜನ ಮರಾಠಿಯಲ್ಲಿ ಬುದ್ಧಿ ಹೇಳಲು ಶುರು ಮಾಡಿದೆ. ನಾವು ಚಿಕ್ಕವರಿದ್ದಾಗ ಹೇಗಿದ್ದೆವು ಎಂಬಲ್ಲಿಂದ ಹಿಡಿದು, ಇಂಡಿ, ಶಾಂತವ್ವ, ಎಲ್ಲ ಬಂತು. ಋತುಜಾ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಎರಡೂ ಕಿವಿಗೆ ಕೈಯಿಟ್ಟಳು.

“ಆಜೀ, ತುಮ್ಹೀ ಕಿತೀ ಬಡಬಡ ಕರತಾ.”

ಎಷ್ಟು ವಟಗುಟ್ಟುತ್ತೀರಿ ಅಜ್ಜಿ, ಎಂದು. ಈ ಶಬ್ದದ ಅರ್ಥ ನಾನು ಯಾರನ್ನೂ ಕೇಳಬೇಕಾಗಲಿಲ್ಲ. ಇಂಡಿಗೆ ಫೋನು ಹಚ್ಚಿ ತಂಗಿಗೆ ಹೇಳಿಯೂ ಆಯಿತು.

ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಮಲ್ಹಾರ, ಇದರಿಂದ ವಿಮಾನ ಮಾಡಬೇಡ. ಗೌರಿ, ನಿನ್ನ ಸಾಲೆಯ ಪುಸ್ತಕಗಳ ನಡುವೆ ಮಡಿಕೆ ಬೀಳದಂತೆ ಇಡು. ಜೋಪಾನ ಎಂದರೆ ಬೀಗ ಹಾಕಿ ಎಂದಲ್ಲ. ಕನ್ನಡ ಬಲ್ಲವರು ಯಾರಾದರೂ ಓದಲು ಕೇಳಿದರೆ ಕೊಡಿ. ತಪ್ಪು ಹುಡುಕಿದರೆ ಹುಡುಕಲಿ, ನಕ್ಕರೆ ನಗಲಿ. ಓದಿ ಮುಗಿದ ಮೇಲೆ ಮಾತ್ರ ನೆನಪಿನಿಂದ ಕೇಳಿ ವಾಪಸ್ಸು ತಗೊಳ್ಳಿ.